ಎಎಸ್‌ಪಿ ಡಾಟ್‌ನೆಟ್ ಕೋರ್ ಜೊತೆ ಬರುವ ಡಿಐ ಕಂಟೇನರ್: ಏಳು ವರ್ಷ ಬಳಸಿದ ಮೇಲೆ

ಎಎಸ್‌ಪಿ ಡಾಟ್‌ನೆಟ್ ಕೋರ್ ಅಂದರೆ ಮೈಕ್ರೋಸಾಫ್ಟ್‌ನ ವೆಬ್ ಫ್ರೇಮ್‌ವರ್ಕ್. ಡಿಐ ಅಂದರೆ ಡಿಪೆಂಡೆನ್ಸಿ ಇಂಜೆಕ್ಷನ್, ಒಂದು ಕ್ಲಾಸ್‌ಗೆ ಬೇಕಾದ ಬೇರೆ ಆಬ್ಜೆಕ್ಟ್‌ಗಳನ್ನು ಅದು ತಾನೇ ಸೃಷ್ಟಿಸದೆ ಹೊರಗಿನಿಂದ ಕೊಡುವುದು. ಅವನ್ನು ಸೃಷ್ಟಿಸಿ ಕೊಡುವುದೇ ಕಂಟೇನರ್. ಡಾಟ್‌ನೆಟ್ ಕೋರ್ 2.1 ಕಾಲದಿಂದ ಇದನ್ನು ಬಳಸುತ್ತಿದ್ದೇನೆ. ನಮ್ಮದು ಬಿಲ್ಲಿಂಗ್ ಅಪ್ಲಿಕೇಶನ್, ಈಗ ಡಾಟ್‌ನೆಟ್ 8ರಲ್ಲಿದೆ, ಮುನ್ನೂರಕ್ಕೂ ಜಾಸ್ತಿ ಸರ್ವಿಸ್‌ಗಳು (ಕಂಟೇನರ್ ಕೊಡಬೇಕಾದ ಕ್ಲಾಸ್‌ಗಳು) ರಿಜಿಸ್ಟರ್ ಆಗಿವೆ. ಮೊದಲೇ ಹೇಳಿಬಿಡುತ್ತೇನೆ, ಹೊಸ ಪ್ರಾಜೆಕ್ಟ್ ಶುರು ಮಾಡುವವರು ಬೇರೆ ಕಂಟೇನರ್ ಹುಡುಕಬೇಕಿಲ್ಲ. ಇದೇ ಸಾಕು. ಆದರೆ ಲೈಫ್‌ಟೈಮ್, ಅಂದರೆ ಕೊಟ್ಟ ಆಬ್ಜೆಕ್ಟ್ ಎಷ್ಟು ಹೊತ್ತು ಇರಬೇಕು ಅನ್ನುವ ವಿಷಯವನ್ನು ಮಾತ್ರ ಗಟ್ಟಿಯಾಗಿ ಕಲಿತುಕೊಳ್ಳಿ.

ಹಳೆಯ ಎಎಸ್‌ಪಿ ಡಾಟ್‌ನೆಟ್ ಎಂವಿಸಿ 5ರಲ್ಲಿ ಕಂಟೇನರ್ ಅಂತ ಏನೂ ಜೊತೆಗೆ ಬರುತ್ತಿರಲಿಲ್ಲ. ಒಂದು ಟೀಮ್ ನಿಂಜೆಕ್ಟ್ ಹಾಕಿಕೊಂಡರೆ ಇನ್ನೊಂದು ಯೂನಿಟಿ. ಪ್ರಾಜೆಕ್ಟ್ ಬದಲಾದಾಗಲೆಲ್ಲ ಮತ್ತೆ ಕಲಿಯಬೇಕಿತ್ತು. 2016ರಲ್ಲಿ ಕೋರ್ 1.0 ಬಂದಾಗ ಡಿಐ ಅದರ ಒಳಗೇ ಇತ್ತು. ಕನ್‌ಸ್ಟ್ರಕ್ಟರ್‌ನಲ್ಲಿ ಇಂಟರ್‌ಫೇಸ್ ಕೇಳು, ಸ್ಟಾರ್ಟಪ್ ಫೈಲ್‌ನಲ್ಲಿ (ಈಗ ಪ್ರೋಗ್ರಾಂ ಫೈಲ್) ಒಂದು ಸಾಲು ಬರೆ, ಮುಗಿಯಿತು. ನಮ್ಮ ಜಿಎಸ್‌ಟಿ ಲೆಕ್ಕದ ಕ್ಲಾಸ್‌ಗೆ ಟೆಸ್ಟ್ ಬರೆಯುವಾಗ ಡೇಟಾಬೇಸ್ ಬೇಡವೇ ಬೇಡ, ದರ ಕೊಡುವ ಒಂದು ನಕಲಿ ಕ್ಲಾಸ್ ಕೊಟ್ಟರೆ ಆಯಿತು.

ಇನ್ನು ಪೆಟ್ಟು ತಿಂದ ಕಥೆ. ಅಕೌಂಟ್ಸ್‌ನವರು ಒಂದು ಐಟಂನ ತೆರಿಗೆ ದರವನ್ನು 12ರಿಂದ 18ಕ್ಕೆ ಬದಲಾಯಿಸಿದರು. ಟೇಬಲ್ ತೆಗೆದು ನೋಡಿದರೆ 18 ಇದೆ, ಬಿಲ್‌ನಲ್ಲಿ ಮಾತ್ರ 12 ಬರುತ್ತಿದೆ. ಆ್ಯಪ್ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ, ದರ ಮತ್ತೆ ಬದಲಾದರೆ ಮತ್ತದೇ ಗೋಳು. ಎರಡು ದಿನ ಕ್ಯಾಶ್ ಮೇಲೆ ಅನುಮಾನಪಟ್ಟು ಹುಡುಕಿದೆವು. ಕೊನೆಗೆ ನೋಡಿದರೆ ದರ ತರುವ ಸರ್ವಿಸ್ ಸಿಂಗಲ್‌ಟನ್ (ಇಡೀ ಆ್ಯಪ್‌ಗೆ ಒಂದೇ ಆಬ್ಜೆಕ್ಟ್) ಆಗಿ ರಿಜಿಸ್ಟರ್ ಆಗಿತ್ತು, ಅದರ ಕನ್‌ಸ್ಟ್ರಕ್ಟರ್‌ನಲ್ಲಿ ಡೇಟಾಬೇಸ್ ಜೊತೆ ವ್ಯವಹರಿಸುವ ಡಿಬಿಕಾಂಟೆಕ್ಸ್ಟ್ ಕೂತಿತ್ತು. ಡಿಬಿಕಾಂಟೆಕ್ಸ್ಟ್ ಸ್ಕೋಪ್ಡ್, ಅಂದರೆ ಒಂದು ರಿಕ್ವೆಸ್ಟ್ ಮುಗಿದಾಗ ಅದೂ ಮುಗಿಯಬೇಕು. ಸಿಂಗಲ್‌ಟನ್ ಅದನ್ನು ಹಿಡಿದುಕೊಂಡರೆ ಆ್ಯಪ್ ನಿಲ್ಲುವವರೆಗೂ ಅದೇ ಕಾಂಟೆಕ್ಸ್ಟ್ ಉಳಿಯುತ್ತದೆ, ಒಮ್ಮೆ ಓದಿದ ರೆಕಾರ್ಡ್ ಅದರ ಟ್ರ್ಯಾಕರ್‌ನಲ್ಲೇ (ಓದಿದ್ದನ್ನು ನೆನಪಿಟ್ಟುಕೊಳ್ಳುವ ಭಾಗ) ಇರುತ್ತದೆ, ಮತ್ತೆ ಕ್ವೆರಿ ಡೇಟಾಬೇಸ್‌ಗೆ ಹೋಗಿ ಬಂದರೂ ಹಳೆಯ ಬೆಲೆಯೇ ಕೈಗೆ ಸಿಗುತ್ತದೆ. ಜೊತೆಗೆ ಎರಡು ರಿಕ್ವೆಸ್ಟ್ ಒಟ್ಟಿಗೆ ಬಂದರೆ ಎಕ್ಸೆಪ್ಶನ್ ಬೇರೆ.

ಇದನ್ನು ಹಿಡಿಯುವ ತಪಾಸಣೆ ಕಂಟೇನರ್‌ನಲ್ಲೇ ಇದೆ, ಅಲ್ವಾ? ಹಾಗಾದರೆ ನಮಗೆ ಯಾಕೆ ಸಿಗಲಿಲ್ಲ? ಆ ತಪಾಸಣೆ ತಾನಾಗಿ ಆನ್ ಆಗುವುದು ಎನ್ವಿರಾನ್‌ಮೆಂಟ್ ಹೆಸರು ‘ಡೆವಲಪ್‌ಮೆಂಟ್’ ಆಗಿದ್ದಾಗ ಮಾತ್ರ. ನಾವು ನಮ್ಮ ಮಷಿನ್‌ಗಳಲ್ಲಿ ‘ಲೋಕಲ್’ ಅಂತ ಹೆಸರಿಟ್ಟಿದ್ದೆವು. ಇಷ್ಟೇ ಕಾರಣ.

ಆವತ್ತಿನಿಂದ ಕಂಟೇನರ್ ಸೆಟ್ಟಿಂಗ್ ಬರೆಯುವ ಯೂಸ್‌ಡಿಫಾಲ್ಟ್‌ಸರ್ವಿಸ್‌ಪ್ರೊವೈಡರ್ ಒಳಗೆ ವ್ಯಾಲಿಡೇಟ್‌ಸ್ಕೋಪ್ಸ್ (ಇಂಥ ಲೈಫ್‌ಟೈಮ್ ತಪ್ಪು ಹಿಡಿಯುತ್ತದೆ), ವ್ಯಾಲಿಡೇಟ್‌ಆನ್‌ಬಿಲ್ಡ್ (ಆ್ಯಪ್ ಶುರುವಾಗುವಾಗಲೇ ಎಲ್ಲವನ್ನೂ ನೋಡುತ್ತದೆ) ಎರಡನ್ನೂ ನಾವೇ ಟ್ರೂ ಮಾಡುತ್ತೇವೆ, ಪ್ರೊಡಕ್ಷನ್‌ನಲ್ಲೂ. ಮೊದಲ ಸಲ ಆನ್ ಮಾಡಿದಾಗ ಆ್ಯಪ್ ಶುರುವಾಗುವ ಮೊದಲೇ ಇಂಥವೇ ಇನ್ನೂ ನಾಲ್ಕು ತಪ್ಪು ಒಟ್ಟಿಗೆ ತೋರಿಸಿತು. ಒಂದು ಎಚ್ಚರಿಕೆ: ಕಂಟ್ರೋಲರ್‌ಗಳು (ರಿಕ್ವೆಸ್ಟ್‌ಗೆ ಉತ್ತರ ಕೊಡುವ ಕ್ಲಾಸ್‌ಗಳು) ಸುಮ್ನೆ ಬಿಟ್ಟರೆ ಕಂಟೇನರ್‌ನಲ್ಲಿ ಇರುವುದಿಲ್ಲ, ಹಾಗಾಗಿ ಅವುಗಳ ಕನ್‌ಸ್ಟ್ರಕ್ಟರ್‌ಗೆ ಈ ತಪಾಸಣೆ ತಗಲುವುದಿಲ್ಲ. ಆ್ಯಡ್‌ಕಂಟ್ರೋಲರ್ಸ್‌ಆ್ಯಸ್‌ಸರ್ವಿಸಸ್ ಕೂಡ ಸೇರಿಸಿ. ಓಪನ್ ಜೆನೆರಿಕ್‌ಗಳನ್ನು (ಟೈಪ್ ಯಾವುದೆಂದು ಇನ್ನೂ ತುಂಬದ ಜೆನೆರಿಕ್ ಕ್ಲಾಸ್‌ಗಳು) ಈ ತಪಾಸಣೆ ಆಗಲೂ ನೋಡುವುದಿಲ್ಲ.

ಹಿನ್ನೆಲೆಯಲ್ಲಿ ಓಡುತ್ತಲೇ ಇರುವ ಬ್ಯಾಕ್‌ಗ್ರೌಂಡ್‌ಸರ್ವಿಸ್ ಬರೆಯುವವರಿಗೂ ಇದೇ ಮಾತು. ಅದು ಸಿಂಗಲ್‌ಟನ್. ಒಳಗೆ ಡಿಬಿಕಾಂಟೆಕ್ಸ್ಟ್ ಬೇಕಿದ್ದರೆ ಐಸರ್ವಿಸ್‌ಸ್ಕೋಪ್‌ಫ್ಯಾಕ್ಟರಿ ತೆಗೆದುಕೊಂಡು ಪ್ರತಿ ಸುತ್ತಿಗೂ ಹೊಸ ಸ್ಕೋಪ್ ಮಾಡಿ.

ಪ್ರೋಗ್ರಾಂ ಫೈಲ್ ಉದ್ದವಾದರೆ ಮಾಡ್ಯೂಲ್‌ಗೊಂದು ಎಕ್ಸ್‌ಟೆನ್ಶನ್ ಮೆಥಡ್ ಮಾಡಿಕೊಳ್ಳಿ, ನಮ್ಮಲ್ಲಿ ಬಿಲ್ಲಿಂಗ್, ಸ್ಟಾಕ್, ರಿಪೋರ್ಟ್ ಅಂತ ಬೇರೆ ಬೇರೆ ಇವೆ. ಅಸೆಂಬ್ಲಿ (ಕಂಪೈಲ್ ಆದ ಕೋಡ್) ಸ್ಕ್ಯಾನ್ ಮಾಡಿ ತಾನಾಗಿ ರಿಜಿಸ್ಟರ್ ಮಾಡಿಸುವುದು ನನಗೆ ಇಷ್ಟವಿಲ್ಲ. ಯಾವುದಕ್ಕೆ ಯಾವ ಲೈಫ್‌ಟೈಮ್ ಅಂತ ಕಣ್ಣಿಗೆ ಕಾಣಬೇಕು. ಕನ್‌ಸ್ಟ್ರಕ್ಟರ್‌ನಲ್ಲಿ ಹನ್ನೊಂದು ಪ್ಯಾರಾಮೀಟರ್ ಬಂದರೆ ಕಂಟೇನರನ್ನು ಬೈಯಬೇಡಿ, ಆ ಕ್ಲಾಸ್ ಒಡೆಯಿರಿ.

ಕೊರತೆಗಳೂ ಇವೆ. ಒಂದೇ ಇಂಟರ್‌ಫೇಸ್‌ಗೆ ಹೆಸರು ಕೊಟ್ಟು ಎರಡು ಕ್ಲಾಸ್ ಇಡಲು ಡಾಟ್‌ನೆಟ್ 8ರವರೆಗೆ ಕಾಯಬೇಕಾಯಿತು, ಅಲ್ಲಿಯವರೆಗೆ ಎಸ್‌ಎಂಎಸ್, ಈಮೇಲ್ ಎರಡಕ್ಕೂ ಫ್ಯಾಕ್ಟರಿ ಬರೆದುಕೊಂಡಿದ್ದೆವು. ಡೆಕೊರೇಟರ್ (ಇರುವ ಸರ್ವಿಸ್‌ಗೆ ಇನ್ನೊಂದು ಕ್ಲಾಸ್‌ನ ಹೊದಿಕೆ ಹಾಕುವುದು) ಈಗಲೂ ಇಲ್ಲ, ನಾವು ಅದಕ್ಕೆ ಸ್ಕ್ರೂಟರ್ ಅನ್ನುವ ಲೈಬ್ರರಿ ಹಾಕಿಕೊಂಡಿದ್ದೇವೆ. ಪ್ರಾಪರ್ಟಿ ಇಂಜೆಕ್ಷನ್ (ಕನ್‌ಸ್ಟ್ರಕ್ಟರ್ ಬದಲು ಪ್ರಾಪರ್ಟಿ ಮೂಲಕ ಕೊಡುವುದು) ಕೂಡ ಇಲ್ಲ, ಅದರಿಂದ ನನಗೇನೂ ತೊಂದರೆ ಆಗಿಲ್ಲ.

ಗ್ರಾಹಕ ಕಂಪನಿಗೊಂದು ಬೇರೆ ಬೇರೆ ರಿಜಿಸ್ಟ್ರೇಶನ್ ಬೇಕಾದ ಮಲ್ಟಿ ಟೆನೆಂಟ್ ಅಪ್ಲಿಕೇಶನ್ ಒಂದಿದೆ ನಮ್ಮಲ್ಲಿ. ಅಲ್ಲಿ ಮಾತ್ರ ಇದು ಸಾಲಲಿಲ್ಲ, ಆಟೋಫ್ಯಾಕ್ ಅನ್ನುವ ಬೇರೆ ಕಂಟೇನರ್ ಹಾಕಿದ್ದೇವೆ.