ಶತಾವರಿ, ಅಗಸೆ, ಅಶ್ವಗಂಧ: ಮುಟ್ಟು ನಿಲ್ಲುವ ಮುಂಚೆ ಯಾವುದು ಯಾವುದಕ್ಕೆ?

ನಲವತ್ತೈದು ದಾಟಿದ ಮೇಲೆ ನನ್ನನ್ನು ಕಾಡಿದ್ದು ಮೂರು ತೊಂದರೆ. ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಕುತ್ತಿಗೆಯಿಂದ ಮುಖಕ್ಕೆ ಝಳ ಏರಿ ಮೈಯೆಲ್ಲ ಬೆವರು. ಮುಟ್ಟಂತೂ ಹೇಳದೆ ಕೇಳದೆ ಹಿಂದೆ ಮುಂದೆ. ಡಾಕ್ಟರು ಇದನ್ನು ಪೆರಿಮೆನೋಪಾಸ್, ಅಂದರೆ ಮುಟ್ಟು ಪೂರ್ತಿ ನಿಲ್ಲುವ ಮುಂಚಿನ ಕಾಲ, ಅಂದರು. ಅಕ್ಕ ಶತಾವರಿ ಅಂದಳು, ಅತ್ತಿಗೆ ಅಗಸೆ ಅಂದರು, ಗ್ರಂಥಿಗೆ ಅಂಗಡಿಯವರು ಅಶ್ವಗಂಧದ ಪುಡಿ ಮುಂದಿಟ್ಟರು. ಒಂದನ್ನು ಬಿಟ್ಟ ಮೇಲೆ ಇನ್ನೊಂದು ಅಂತ ಮೂರನ್ನೂ ತೆಗೆದುಕೊಂಡು ನೋಡಿದೆ. ಒಟ್ಟಿಗೆ ತೆಗೆದುಕೊಂಡರೆ ಯಾವುದು ಏನು ಮಾಡಿತು ಅಂತ ತಿಳಿಯುವುದಿಲ್ಲ, ಅಲ್ವಾ?

ಮೂರಕ್ಕೂ ಹೇಳುವ ಮಾತು ಒಂದೇ: ‘ಹಾರ್ಮೋನ್ ಸಮ ಮಾಡುತ್ತದೆ’. ಇದನ್ನು ನಾನು ಒಪ್ಪುವುದಿಲ್ಲ. ಈ ವಯಸ್ಸಿನಲ್ಲಿ ಹೆಣ್ಣಿನ ಹಾರ್ಮೋನ್ ಆದ ಈಸ್ಟ್ರೋಜನ್ ಒಂದೇ ಸಮನೆ ಇಳಿಯುವುದಿಲ್ಲ. ಕೆಲವು ದಿನ ಜಾಸ್ತಿ, ಕೆಲವು ದಿನ ಕಡಿಮೆ. ಅಂಡ ಬಿಡುಗಡೆಯಾಗದ ತಿಂಗಳಲ್ಲಿ ಇನ್ನೊಂದು ಹಾರ್ಮೋನ್ ಪ್ರೊಜೆಸ್ಟರಾನ್ ಕೂಡ ಇಳಿಯುತ್ತದೆ. ಒಂದು ಸಲ ರಕ್ತ ಕೊಟ್ಟು ಹಾರ್ಮೋನ್ ಅಳೆಸಿದರೂ ಹೆಚ್ಚೇನೂ ಗೊತ್ತಾಗದಿರುವುದು ಇದಕ್ಕೇ. ಹಾಗಾಗಿ ನಾನು ನೋಡಿದ್ದು ಇಷ್ಟೇ: ನನ್ನ ಯಾವ ತೊಂದರೆಗೆ ಯಾವುದು ಆಯಿತು?

ಶತಾವರಿ ನನಗೆ ಆಗಲಿಲ್ಲ. ಬಿಸಿ ಹಾಲಿಗೆ ಹಾಕಿದರೆ ಪುಡಿ ಗಂಟು ಕಟ್ಟುತ್ತದೆ, ಮೊದಲು ಸಿಹಿ, ಆಮೇಲೆ ಸ್ವಲ್ಪ ಕಹಿ. ಬಾಣಂತಿಯರಿಗೆ ಹಾಲು ಹೆಚ್ಚಲಿ ಅಂತ ಹಿಂದಿನಿಂದಲೂ ಕೊಡುವ ಬೇರು ಇದು. ಝಳಕ್ಕಾಗಲಿ ನಿದ್ದೆಗಾಗಲಿ ನನಗೆ ವ್ಯತ್ಯಾಸ ಕಾಣಲಿಲ್ಲ.

ಅಗಸೆಯ ವಿಷಯ ಬೇರೆ. ಉತ್ತರ ಕರ್ನಾಟಕದವರಿಗೆ ಇದು ಔಷಧಿಯೇ ಅಲ್ಲ, ರೊಟ್ಟಿ ಜೊತೆಗಿನ ಚಟ್ನಿ ಪುಡಿ. ಸಣ್ಣ ಉರಿಯಲ್ಲಿ ಹುರಿದು, ಚಟಪಟ ಸಿಡಿಯುವುದು ನಿಲ್ಲುತ್ತಿದ್ದಂತೆ ಇಳಿಸಿ, ಆರಿದ ಮೇಲೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಸೇರಿಸಿ ತರಿತರಿಯಾಗಿ ಪುಡಿ ಮಾಡಿದರೆ ಆಯಿತು. ಇಡೀ ಬೀಜ ನುಂಗಿದರೆ ಹೆಚ್ಚಿನದು ಜೀರ್ಣವಾಗದೆ ಹಾಗೇ ಹೊರಗೆ ಹೋಗುತ್ತದೆ. ಪುಡಿ ಬೇಗ ಕಮಟು ಹಿಡಿಯುತ್ತದೆ, ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ, ನೀರು ಚೆನ್ನಾಗಿ ಕುಡಿಯಿರಿ. ಇದರಲ್ಲಿರುವ ಲಿಗ್ನಾನ್ ಅನ್ನುವ ಸಸ್ಯಾಂಶಗಳು ಈಸ್ಟ್ರೋಜನ್ ಥರ ತುಂಬ ಮೆಲ್ಲಗೆ ಕೆಲಸ ಮಾಡುತ್ತವೆ ಅನ್ನುವುದು ನಿಜ. ಆದರೆ 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 188 ಹೆಂಗಸರಲ್ಲಿ ಅರ್ಧ ಜನಕ್ಕೆ ಅಗಸೆ ಹಾಕಿದ ತಿನ್ನುವ ಬಾರ್, ಉಳಿದವರಿಗೆ ಅಗಸೆ ಇಲ್ಲದ ಬಾರ್ ಕೊಟ್ಟಾಗ, ಎರಡೂ ಗುಂಪಿನಲ್ಲಿ ಝಳ ಒಂದೇ ಥರ ಇಳಿಯಿತು. ನನಗೂ ಝಳ ಕಡಿಮೆಯಾಗಲಿಲ್ಲ. ಮಲಬದ್ಧತೆ ಮಾತ್ರ ಚೆನ್ನಾಗಿ ಹೋಯಿತು. ಅದಕ್ಕೇ ಅಗಸೆ ನಮ್ಮ ಅಡುಗೆಮನೆಯಲ್ಲಿ ಉಳಿದಿದೆ.

ನಿದ್ದೆಗೆ ಗೆದ್ದದ್ದು ಅಶ್ವಗಂಧ. ಎಚ್ಚರವಾದರೂ ಮತ್ತೆ ಕಣ್ಣು ಹತ್ತುತ್ತಿತ್ತು. ನಿದ್ದೆ ಸ್ವಲ್ಪ ಸುಧಾರಿಸುತ್ತದೆ ಅಂತ ಸಣ್ಣ ಅಧ್ಯಯನಗಳೂ ಹೇಳುತ್ತವೆ. ಆದರೆ ಮೂರರಲ್ಲಿ ಹೆಚ್ಚು ಹುಷಾರಾಗಿರಬೇಕಾದದ್ದೂ ಇದಕ್ಕೇ. ಅಪರೂಪಕ್ಕೆ ಲಿವರ್‌ಗೆ ಪೆಟ್ಟಾದ ವರದಿಗಳಿವೆ, ಥೈರಾಯ್ಡ್ ಹಾರ್ಮೋನ್ ಏರಬಹುದು. 2023ರಲ್ಲಿ ಡೆನ್ಮಾರ್ಕ್ ಇದನ್ನು ನಿಷೇಧಿಸಿತು. ಥೈರಾಯ್ಡ್ ಮಾತ್ರೆ ನುಂಗುವವರು, ಲಿವರ್ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ. ನಾನು ಕೇಳಿಯೇ ಶುರು ಮಾಡಿದೆ, ನಿದ್ದೆ ಹಳಿಗೆ ಬಂದ ಮೇಲೆ ನಿಲ್ಲಿಸಿದೆ.

ಹಾಗಾದರೆ ಝಳಕ್ಕೆ? ಮೂರರಲ್ಲಿ ಒಂದೂ ಇಲ್ಲ. ಅಮೆರಿಕದ ಮೆನೋಪಾಸ್ ಸೊಸೈಟಿ 2023ರಲ್ಲಿ ಹಾರ್ಮೋನ್ ಅಲ್ಲದ ಚಿಕಿತ್ಸೆಗಳನ್ನು ಪರಿಶೀಲಿಸಿ, ಝಳಕ್ಕೆ ಗಿಡಮೂಲಿಕೆ, ಸೋಯಾ, ಬ್ಲ್ಯಾಕ್ ಕೊಹೋಶ್ (ಅಮೆರಿಕದ ಒಂದು ಗಿಡದ ಬೇರು) ಯಾವುದನ್ನೂ ಶಿಫಾರಸು ಮಾಡಲಿಲ್ಲ. ಅರಿವಿನ ವರ್ತನಾ ಚಿಕಿತ್ಸೆ (ಯೋಚನೆ, ನಡವಳಿಕೆ ಬದಲಿಸಿಕೊಳ್ಳುವ ಮಾತಿನ ಚಿಕಿತ್ಸೆ, CBT), ಕೆಲವು ಮಾತ್ರೆಗಳು ಅವರು ಶಿಫಾರಸು ಮಾಡಿದ ಪಟ್ಟಿಯಲ್ಲಿವೆ. ತಡೆಯಲಾಗದಷ್ಟು ಝಳ ಇದ್ದರೆ ಹಾರ್ಮೋನ್ ಚಿಕಿತ್ಸೆ ನಿಮಗೆ ಆಗುತ್ತದಾ ಅಂತ ಸ್ತ್ರೀರೋಗ ತಜ್ಞರ ಹತ್ತಿರ ಕೇಳಿ, ಹಿಂಜರಿಯಬೇಡಿ.

ರಕ್ತಸ್ರಾವ ಜಾಸ್ತಿಯಾದಾಗ ಅಶೋಕಾರಿಷ್ಟ (ಅಶೋಕದ ತೊಗಟೆಯಿಂದ ಮಾಡುವ ಆಯುರ್ವೇದದ ಔಷಧಿ) ಕುಡಿ ಅಂದವರೂ ಇದ್ದರು. ಅದನ್ನು ನಾನು ಈ ಹೋಲಿಕೆಗೆ ತರಲೇ ಇಲ್ಲ. ಅಶೋಕದ ತೊಗಟೆ ಈಗ ಸಿಗುವುದು ಕಷ್ಟ, ರಸ್ತೆಬದಿಯ ಉದ್ದನೆಯ ಕಂಬದ ಅಶೋಕದ ತೊಗಟೆ ಕಲಬೆರಕೆಯಾಗುತ್ತದೆ. ಅದಕ್ಕಿಂತ ಮುಖ್ಯ, ಹೆಚ್ಚು ರಕ್ತ ಹೋಗುವಾಗ ಬೇಕಾಗಿರುವುದು ಸ್ಕ್ಯಾನ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ. ಮುಟ್ಟು ಒಂದು ವರ್ಷ ನಿಂತು ಆಮೇಲೆ ರಕ್ತದ ಕಲೆ ಕಾಣಿಸಿದರೂ ಅಷ್ಟೇ, ಆ ವಾರವೇ ಡಾಕ್ಟರ ಹತ್ತಿರ ಹೋಗಿ.