ನೀರಿನಿಂದ ಆ್ಯಂಟಿಬಯೋಟಿಕ್ ಹೀರಿ ತೆಗೆಯಲು ಯಾವ ವಸ್ತು ಸರಿ?

ನೀರು ಜಾಸ್ತಿ ಇದ್ದರೆ ನನ್ನ ಮತ ಸಕ್ರಿಯ ಇದ್ದಿಲಿಗೆ, ಅಂದರೆ ಸಣ್ಣ ಸಣ್ಣ ರಂಧ್ರ ತುಂಬಿದ ಇದ್ದಿಲಿಗೆ. ಒಂದು ಗ್ರಾಮಿಗೆ ಸಾಮಾನ್ಯವಾಗಿ 500ರಿಂದ 1,500 ಚದರ ಮೀಟರ್ ಮೇಲ್ಮೈ ಇರುತ್ತದೆ; ಔಷಧದ ಅಣುಗಳು ಅಂಟಿಕೊಳ್ಳುವುದು ಅಲ್ಲೇ. ಸುಲಭವಾಗಿ ಸಿಗುತ್ತದೆ, ಕಾಯಿಸಿ ಮತ್ತೆ ಬಳಸಬಹುದು. ತೊಂದರೆ ಏನೆಂದರೆ, ಕೊಳಚೆ ನೀರಿನ ಬೇರೆ ಸಾವಯವ ಕಸವೂ ಅದೇ ರಂಧ್ರಗಳಿಗೆ ಪೈಪೋಟಿ ಮಾಡುತ್ತದೆ.

ಎಂಒಎಫ್ ಅಂದರೆ ಲೋಹ ಮತ್ತು ಸಾವಯವ ಅಣು ಸೇರಿ ಹೆಣೆದ ಹರಳು. ಕೆಲವದರ ಮೇಲ್ಮೈ ಗ್ರಾಮಿಗೆ 3,000 ಚದರ ಮೀಟರ್ ದಾಟುತ್ತದೆ. ರಂಧ್ರದ ಅಳತೆಯನ್ನೂ ಬೇಕಾದಂತೆ ಹೊಂದಿಸಬಹುದು. ಆದರೆ ದುಬಾರಿ. ಎಲ್ಲವೂ ನೀರಿನಲ್ಲಿ ಬಾಳುವುದಿಲ್ಲ: ಎಂಒಎಫ್-5 ಒಡೆದುಹೋಗುತ್ತದೆ, ಯುಐಒ-66 ತಾಳುತ್ತದೆ.

ಜಿಯೋಲೈಟ್ ಎಂಬ ಖನಿಜದ ರಂಧ್ರ ಸಾಮಾನ್ಯವಾಗಿ 1 ನ್ಯಾನೊಮೀಟರಿಗಿಂತ ಚಿಕ್ಕದು. ಟೆಟ್ರಾಸೈಕ್ಲಿನ್‌ನಂಥ ದಪ್ಪ ಆ್ಯಂಟಿಬಯೋಟಿಕ್ ಅಣು ನುಸುಳೋದು ಕಷ್ಟ ಅಲ್ವಾ? ಬಯೋಚಾರ್ (ಬೆಳೆ ತ್ಯಾಜ್ಯದಂಥದ್ದನ್ನು ಗಾಳಿ ಕಡಿಮೆ ಇರುವಲ್ಲಿ ಕಾಯಿಸಿ ಮಾಡಿದ ಇದ್ದಿಲು) ಅಗ್ಗ, ಗುಣಮಟ್ಟ ಮಾತ್ರ ಏರುಪೇರು. ಯಾವುದೇ ಆಗಲಿ, ನಿಮ್ಮ ನೀರಿನಲ್ಲೇ ಪರೀಕ್ಷಿಸಿ. ಶುದ್ಧ ನೀರಿನಲ್ಲಿ ಬಂದ ಅಂಕಿಯನ್ನು ಸುಮ್ನೆ ನಂಬಬೇಡಿ.