ಸ್ನೋ ಸಲಿಕೆ: ಸಲಿಕೆ ಮಾರುವವನ ಕಣ್ಣಲ್ಲಿ

ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿರುವ ಮಗನಿಗೋ ಮಗಳಿಗೋ ಮನೆ ಮುಂದಿನ ಸ್ನೋ ತೆಗೆಯಲು ಸಲಿಕೆ ಬೇಕಿದ್ದರೆ ಒಂದಲ್ಲ, ಎರಡು ತೆಗೆದುಕೊಳ್ಳಲಿ. ಒಂದು ನೂಕೋದಕ್ಕೆ, ಇನ್ನೊಂದು ಎತ್ತೋದಕ್ಕೆ. ಎರಡೂ ಕೆಲಸ ಒಂದರಲ್ಲೇ ಆಗುತ್ತೆ ಅಂತ ಚೀಟಿ ಅಂಟಿಸಿಕೊಂಡು ಬರುವ ಮಾಲು ಎರಡನ್ನೂ ಅರ್ಧಂಬರ್ಧ ಮಾಡುತ್ತದೆ.

ಕಲಬುರಗಿಯಲ್ಲಿ ಕೂತವನು ಸ್ನೋ ಬಗ್ಗೆ ಏನು ಹೇಳ್ತಾನೆ ಅನ್ನಬೇಡಿ. ಮೇ ತಿಂಗಳಲ್ಲಿ 43, 44 ಡಿಗ್ರಿ ನೋಡುವ ಊರು ನಮ್ಮದು, ನಿಜ. ಆದರೆ ಸೂಪರ್ ಮಾರ್ಕೆಟ್ ಹತ್ತಿರ ನಮ್ಮದು ಹಾರ್ಡ್‌ವೇರ್ ಅಂಗಡಿ. ಸಲಿಕೆ, ಗುದ್ದಲಿ, ಹಾರೆ, ಕುಡುಗೋಲು, ಕಬ್ಬಿಣದ ಬುಟ್ಟಿ ಅಪ್ಪನ ಕಾಲದಿಂದ ಮಾರುತ್ತಿದ್ದೇವೆ. ಕೈಗೆತ್ತಿಕೊಂಡರೆ ಸಾಕು, ಇದರ ಕಾವು ಎಲ್ಲಿ ಮುರಿಯುತ್ತೆ, ಅಲಗು ಎಲ್ಲಿ ಸವೆಯುತ್ತೆ ಅಂತ ಒಂದು ಅಂದಾಜು ಬರುತ್ತದೆ. ಕಳೆದ ಚಳಿಗಾಲ ನಾನೂ ನಮ್ಮ ಮನೆಯವರೂ ಮಿನಿಯಾಪೋಲಿಸ್‌ನಲ್ಲಿ ಮಗನ ಮನೆಯಲ್ಲಿದ್ದೆವು. ವಾಪಸ್ ಬಂದಾಗಿನಿಂದ, ಮಕ್ಕಳು ಆ ಕಡೆ ಇರುವವರೆಲ್ಲ ಅಂಗಡಿಗೆ ಬಂದು ಇದನ್ನೇ ಕೇಳುತ್ತಾರೆ. ಚಹಾ ಕುಡಿದು ಹೋಗುತ್ತಾರೆ, ಒಂದು ಮೊಳೆ ಕೂಡ ಕೊಳ್ಳುವುದಿಲ್ಲ. ಇರಲಿ.

ಮಗನ ಗ್ಯಾರೇಜಿನಲ್ಲಿ ನಾವು ಹೋಗುವ ಮೊದಲೇ ಒಂದು ಸಲಿಕೆ ಇತ್ತು. ಮನೆ ಕೊಂಡ ವರ್ಷ ಯಾವುದೋ ಅಂಗಡಿಯ ಬಾಗಿಲಲ್ಲಿ ರಾಶಿ ಹಾಕಿದ್ದರಂತೆ, ಕಡಿಮೆ ಬೆಲೆಯದನ್ನು ಎತ್ತಿಕೊಂಡು ಬಂದಿದ್ದ. ಕಂಪನಿ ಹೆಸರು ಬೇಡ. ನೀಲಿ ಪ್ಲಾಸ್ಟಿಕ್ ಅಲಗು, ತೆಳ್ಳನೆಯ ಪೈಪಿನ ಕಾವು, ಎರಡನ್ನೂ ಹಿಡಿದಿಡಲು ಒಂದೇ ಒಂದು ಸ್ಕ್ರೂ. ನೋಡಿದವನೇ "ಇದು ಬಾಳಂಗಿಲ್ಲಪ್ಪ" ಅಂದೆ. ಜನವರಿಯಲ್ಲಿ ಒಂದು ಬೆಳಿಗ್ಗೆ ಮೈನಸ್ 20ರ ಆಸುಪಾಸು ಇತ್ತು. ಗ್ಯಾರೇಜ್ ಬಾಗಿಲ ಹತ್ತಿರ ಗಟ್ಟಿಯಾಗಿ ಕೂತಿದ್ದ ಗಡ್ಡೆಗೆ ಮಗ ಅದರಿಂದ ತಿವಿದ. ಟಪ್ ಅಂತ ಸದ್ದು ಬಂತು. ಸ್ಕ್ರೂ ತೂತಿನಿಂದ ಹೊರಟ ಸೀಳು ಅಲಗಿನ ನಡುಮಧ್ಯಕ್ಕೆ ಬಂದು ನಿಂತಿತ್ತು. ಒಡೆದ ಅಂಚು ನೋಡಿದರೆ ಗಾಜಿನ ಚೂರಿನ ಅಂಚು, ಎಲ್ಲೂ ಬಾಗಿದ ಗುರುತೇ ಇಲ್ಲ.

ಪ್ಲಾಸ್ಟಿಕ್‌ನಲ್ಲೂ ಜಾತಿ ಇದೆ. ಸಾದಾ ಪಾಲಿಪ್ರೊಪಿಲೀನ್ ಶೂನ್ಯ ಡಿಗ್ರಿ ದಾಟಿ ಕೆಳಗೆ ಇಳಿದರೆ ಪೆಡಸಾಗುತ್ತದೆ. ಪಾಲಿಎಥಿಲೀನ್ ಹಾಗಲ್ಲ, ಮೈನಸ್ 30ರಲ್ಲೂ ಸ್ವಲ್ಪ ಬಾಗುತ್ತದೆ. ನಮ್ಮ ಮಾಳಿಗೆ ಮೇಲಿನ ನೀರಿನ ಟ್ಯಾಂಕ್ ಮಾಡೋದು ಇದರಲ್ಲೇ. ಪಾಲಿಕಾರ್ಬೊನೇಟ್ ಇನ್ನೂ ಗಟ್ಟಿ, ಬೆಲೆಯೂ ಜಾಸ್ತಿ. ಅಲಗಿನ ಹಿಂದೆ ಸಣ್ಣ ತ್ರಿಕೋನದೊಳಗೆ ಒಂದು ಅಂಕಿ ಅಚ್ಚೊತ್ತಿದ್ದರೆ ನೋಡಿ. 5 ಇದ್ದರೆ ಪಾಲಿಪ್ರೊಪಿಲೀನ್, 2 ಇದ್ದರೆ ಗಟ್ಟಿ ಪಾಲಿಎಥಿಲೀನ್. ಅಂಗಡಿಯವನನ್ನು ಕೇಳಬೇಡಿ. ಅವನು ಎಲ್ಲದಕ್ಕೂ "ಗಟ್ಟಿ ಅದ" ಅನ್ನುತ್ತಾನೆ. ನಾನೂ ಅಂಗಡಿಯವನೇ, ಗೊತ್ತಿದ್ದೇ ಹೇಳುತ್ತಿದ್ದೇನೆ.

ಸಲಿಕೆ ಆರಿಸುವ ಮೊದಲು ಎಷ್ಟು ಮಾಲು ಸಾಗಿಸಬೇಕು ಅನ್ನೋ ಲೆಕ್ಕ ಇರಬೇಕಲ್ವಾ? ಮಗನ ಡ್ರೈವ್‌ವೇ (ಗ್ಯಾರೇಜಿನಿಂದ ರಸ್ತೆವರೆಗೆ ಕಾರು ಓಡಾಡುವ ದಾರಿ) ಸುಮಾರು 5 ಮೀಟರ್ ಅಗಲ, 10 ಮೀಟರ್ ಉದ್ದ. ಅದರ ಮೇಲೆ 15 ಸೆಂಟಿಮೀಟರ್ ಸ್ನೋ ಬಿದ್ದರೆ ಏಳೂವರೆ ಘನ ಮೀಟರ್ ಆಯಿತು. ಒಣಗಿದ, ಹೊಸದಾಗಿ ಬಿದ್ದ ಸ್ನೋ ಘನ ಮೀಟರಿಗೆ 100 ಕೆಜಿ ಹಿಡಿಯಿರಿ. ಒಟ್ಟು ಏಳೂವರೆ ಕ್ವಿಂಟಲ್. ಮಾರ್ಚ್ ತಿಂಗಳಲ್ಲಿ ಬೀಳುವ ಒದ್ದೆ ಸ್ನೋ 300 ಕೆಜಿ ತೂಗಬಹುದು. ಆಗ ಅದೇ ಡ್ರೈವ್‌ವೇ ಮೇಲೆ ಇಪ್ಪತ್ತೆರಡೂವರೆ ಕ್ವಿಂಟಲ್. ಎಪಿಎಂಸಿ ಯಾರ್ಡಿನಲ್ಲಿ ಇಷ್ಟು ತೊಗರಿ ಎತ್ತಲು ಹಮಾಲರನ್ನು ಕರೆಯುತ್ತೇವೆ. ಅಲ್ಲಿ ಸಾಫ್ಟ್‌ವೇರ್ ಹುಡುಗ ಆಫೀಸಿನ ಕಾಲ್ ಶುರುವಾಗೋ ಮೊದಲು ಒಬ್ಬನೇ ಎತ್ತುತ್ತಾನೆ. ಸೊಂಟ ಹಿಡಿಯದೆ ಇನ್ನೇನಾಗುತ್ತೆ?

ಅದಕ್ಕೇ ನೂಕುವ ಸಲಿಕೆ ಮೊದಲು. ನಾವು ತಂದದ್ದು 24 ಇಂಚು ಅಗಲದ್ದು. ಪಾಲಿಎಥಿಲೀನ್ ಅಲಗು, ಮುಂದಕ್ಕೆ ಸುರುಳಿಯಾಗಿ ಬಾಗಿದೆ. ನೂಕಿದಂತೆ ಸ್ನೋ ಒಳಗೇ ಉರುಳುತ್ತಾ ಹೋಗುತ್ತದೆ, ಮೇಲಿಂದ ಚೆಲ್ಲುವುದಿಲ್ಲ. ನಾಲ್ಕೈದು ಇಂಚಿನವರೆಗೆ ಬಿದ್ದ ಒಣ ಸ್ನೋಗೆ ಇದಕ್ಕಿಂತ ಸುಖ ಇಲ್ಲ. 30 ಇಂಚಿಂದೂ ಇತ್ತು, ಮಗ ಅದರ ಮೇಲೆ ಕಣ್ಣಿಟ್ಟಿದ್ದ. ನಾನೇ ಬೇಡ ಅಂದೆ. ಅಗಲ ಜಾಸ್ತಿಯಾದಷ್ಟು ಮುಂದೆ ಕೂಡುವ ಭಾರವೂ ಜಾಸ್ತಿ, ಅರ್ಧ ದಾರಿಗೆ ನಿಂತುಬಿಡುತ್ತದೆ.

ಅಂಚಿನ ವಿಷಯದಲ್ಲಿ ಮಾತ್ರ ನನಗೂ ಮಗನಿಗೂ ಜಗಳ. ಕೆಲವು ಸಲಿಕೆಗಳ ತುದಿಗೆ ಕಬ್ಬಿಣದ ಪಟ್ಟಿ ಹೊಡೆದಿರುತ್ತಾರೆ. ಬೇಗ ಸವೆಯುವುದಿಲ್ಲ, ತೆಳ್ಳನೆಯ ಐಸ್ ಕೂಡ ಕೆರೆದು ತೆಗೆಯುತ್ತದೆ. ಆದರೆ ಇವನ ಡ್ರೈವ್‌ವೇ ಕಾಂಕ್ರೀಟ್ ಚೌಕಗಳದ್ದು. ನಡುವೆ ಸಂದುಗಳಿವೆ, ಒಂದು ಚೌಕ ಮೇಲೆದ್ದಿದೆ. ಜೋರಾಗಿ ನೂಕಿಕೊಂಡು ಹೋಗುವಾಗ ಪಟ್ಟಿ ಸಂದಿಗೆ ಸಿಕ್ಕರೆ ಸಲಿಕೆ ಗಕ್ಕನೆ ನಿಲ್ಲುತ್ತದೆ, ಕಾವು ಬಂದು ಹೊಟ್ಟೆಗೆ ಹೊಡೆಯುತ್ತದೆ. ಪಕ್ಕದ ಮನೆಯವರ ಪಟ್ಟಿ ಇರುವ ಸಲಿಕೆ ತಂದು ಮಗನಿಗೆ ಕೊಟ್ಟೆ. ಎರಡನೇ ಸಂದಿನಲ್ಲೇ ಒಪ್ಪಿಕೊಂಡ. ಡಾಂಬರು ಹಾಕಿದ ನುಣುಪು ಡ್ರೈವ್‌ವೇ ಇದ್ದವರು ಪಟ್ಟಿ ಇರುವುದನ್ನೇ ತೆಗೆದುಕೊಳ್ಳಲಿ. ಸಂದು, ಇಟ್ಟಿಗೆ, ಮರದ ಮೆಟ್ಟಿಲು ಇದ್ದವರಿಗೆ ಬರೀ ಪ್ಲಾಸ್ಟಿಕ್ ಅಂಚು ವಾಸಿ. ಸವೆಯುತ್ತೆ, ನಿಜ. ನಮ್ಮದು ಒಂದೇ ಚಳಿಗಾಲಕ್ಕೆ ಬಲಗಡೆ ಮೂಲೆಯಲ್ಲಿ ಹೆಬ್ಬೆರಳಿನಷ್ಟು ದುಂಡಗಾಗಿದೆ. ಮನೆಯಲ್ಲಿ ಎಲ್ಲರೂ ಬಲಗಡೆಗೇ ನೂಕುತ್ತಿದ್ದೆವು, ಅದಕ್ಕೆ.

ಬಲಗಡೆಗೇ ಯಾಕೆ ಅಂತ ಕೇಳಿದರೆ, ಅಲ್ಲಿ ಕಾರ್ಪೊರೇಷನ್ ಗಾಡಿ ಬಂದು ರಸ್ತೆಯ ಸ್ನೋ ದಬ್ಬಿಕೊಂಡು ಹೋಗುತ್ತದೆ. ಗಾಡಿಗಳು ರಸ್ತೆಯ ಬಲಬದಿಗೆ ಓಡುವ ದೇಶ ಅದು. ರಸ್ತೆಗೆ ಮುಖ ಮಾಡಿ ನಿಂತರೆ ಆ ಗಾಡಿ ನಮ್ಮ ಎಡದಿಂದ ಬಲಕ್ಕೆ ಹೋಗುತ್ತದೆ. ಎಡಗಡೆ ಗುಡ್ಡೆ ಹಾಕಿದರೆ ಅದನ್ನೂ ಎಳೆದು ತಂದು ನಮ್ಮ ಬಾಗಿಲಿಗೇ ಒಡ್ಡು ಕಟ್ಟುತ್ತದೆ. ಬಲಗಡೆ ಹಾಕಿದ್ದು ಮುಂದಕ್ಕೆ ಹೋಗುತ್ತದೆ. ಎಷ್ಟೇ ಜಾಣತನ ಮಾಡಿದರೂ ಒಂದಿಷ್ಟು ಒಡ್ಡು ಬಿದ್ದೇ ಬೀಳುತ್ತದೆ. ಅದು ರಸ್ತೆಯ ಸ್ನೋ. ಚಕ್ರ ತುಳಿದು, ಉಪ್ಪು ಬೆರೆತು, ಒತ್ತಿ ಗಟ್ಟಿಯಾಗಿದ್ದು. ನೂಕುವ ಸಲಿಕೆ ಅಲ್ಲಿ ಏನೂ ಮಾಡಲಾರದು.

ಎತ್ತುವ ಸಲಿಕೆ ಬೇಕಾಗೋದು ಅಲ್ಲೇ. 18 ಇಂಚಿನ ಅಲ್ಯೂಮಿನಿಯಂ ಅಲಗು, ಮರದ ಕಾವು, ತುದಿಗೆ ಇಂಗ್ಲಿಷ್ ಡಿ ಅಕ್ಷರದ ಹಿಡಿ. ಎರಡರಲ್ಲಿ ನನಗೆ ಮನಸ್ಸಿಗೆ ಹಿಡಿಸಿದ್ದು ಇದೇ. ಅಲಗಿನ ಬೆನ್ನಿಗೆ ಉದ್ದುದ್ದ ಏಣು ಎಬ್ಬಿಸಿದ್ದಾರೆ, ತಗಡು ತೆಳುವಾಗಿದ್ದರೂ ಮಡಚುವುದಿಲ್ಲ. ಕಾವು ಕೂರುವ ಜಾಗದಲ್ಲಿ ಎರಡು ರಿವೆಟ್ ಇವೆ, ಅದೂ ಅಡ್ಡ ಅಲ್ಲ, ಹಿಂದೆ ಮುಂದೆ. ಅಡ್ಡಕ್ಕೆ ಎರಡು ತೂತು ಕೊರೆದರೆ ಮರ ಸೊರಗುತ್ತದೆ, ನಮ್ಮ ಗುದ್ದಲಿ ಕಾವುಗಳು ಮುರಿಯೋದೂ ಅಲ್ಲೇ. ಮಾಡಿದವನಿಗೆ ಕೆಲಸ ಗೊತ್ತಿದೆ. ಕಬ್ಬಿಣದ್ದು ಇನ್ನೂ ಗಟ್ಟಿ, ಐಸಿಗೆ ಒಳ್ಳೆಯದು. ಆದರೆ ಬರೀ ಸಲಿಕೆಯ ಭಾರಕ್ಕೇ ಕೈ ಸೋಲುತ್ತದೆ.

ಈಗೆಲ್ಲ ಬಾಗಿದ ಕಾವು ಬಂದಿದೆ. ಬೆನ್ನಿಗೆ ಒಳ್ಳೆಯದು ಅಂತ ಬರೆದಿರುತ್ತಾರೆ, ಸುಳ್ಳಲ್ಲ. ತುಂಬಿಕೊಳ್ಳುವಾಗ ಸೊಂಟ ಕಡಿಮೆ ಬಗ್ಗುತ್ತದೆ. ಎಸೆಯುವಾಗ ಮಾತ್ರ ಕೈಯೊಳಗೇ ಹೊರಳುತ್ತದೆ. ಗುಡ್ಡೆ ಎದೆಮಟ್ಟ ಬೆಳೆದ ಮೇಲೆ ಬಾಗಿದ ಕಾವಿನಿಂದ ಮೇಲಕ್ಕೆ ಎಸೆಯೋದು ದೊಡ್ಡ ಪಾಡು. ನೂಕೋದಕ್ಕೆ ಬಾಗಿದ್ದು, ಎತ್ತೋದಕ್ಕೆ ನೆಟ್ಟನೆಯದು ಅಂತ ನನ್ನ ಲೆಕ್ಕ. ಕಾವು ಎದೆಮಟ್ಟಕ್ಕಾದರೂ ಬರಬೇಕು. ಇನ್ನೊಂದು, ಅಂಗಡಿಗೆ ಹೋಗುವಾಗ ದಪ್ಪ ಗ್ಲೌಸ್ ಹಾಕಿಕೊಂಡೇ ಹೋಗಿ. ಬರಿಗೈ ಹಿಡಿಸುವ ಹಿಡಿಯಲ್ಲಿ ಗ್ಲೌಸಿನ ಕೈ ತೂರುವುದಿಲ್ಲ.

ಅಲ್ಯೂಮಿನಿಯಂಗೆ ಒಂದು ದೋಷ ಇದೆ. ಒದ್ದೆ ಸ್ನೋ ಅಂಟುತ್ತದೆ. ಮಳೆಗಾಲದಲ್ಲಿ ನಮ್ಮ ಎರೆಮಣ್ಣು ಸಲಿಕೆಗೆ ಅಂಟಿದಂತೆ, ಎಸೆದರೂ ಅರ್ಧ ವಾಪಸ್ ಬರುತ್ತದೆ. ಸೊಸೆ ಅಡುಗೆಮನೆಯಿಂದ ಎಣ್ಣೆ ಸ್ಪ್ರೇ ತಂದು ಅಲಗಿಗೆ ಹೊಡೆದಳು. ಸುಮ್ನೆ ನಗಾಡಿದೆ. ಆದರೆ ಮುಂದಿನ ಸಲಿಕೆಗೆ ಸ್ನೋ ಸರ್ ಅಂತ ಜಾರಿತು. ಅರ್ಧ ಗಂಟೆಗೊಮ್ಮೆ ಮತ್ತೆ ಹೊಡೆಯಬೇಕಾಗುತ್ತದೆ ಅಷ್ಟೇ. ಮೇಣ ತಿಕ್ಕಿದರೆ ಇನ್ನೂ ಸ್ವಲ್ಪ ಹೊತ್ತು ಬರುತ್ತದೆ.

ಇನ್ನು ನಮ್ಮ ವಯಸ್ಸಿನವರಿಗೆ. ನಾನು ಎತ್ತುವ ಸಲಿಕೆಗೆ ಕೈಹಾಕಿದ ಕೂಡಲೇ ಸೊಸೆ ಬಾಗಿಲಿಗೆ ಬಂದು, "ಮಾವ, ನೀವು ಬ್ಯಾಡ್ರಿ. ನಿಮಗ ಬಿಪಿ ಅದ. ನೂಕೂದು ಇದ್ರ ನೂಕ್ರಿ, ಎತ್ತಬ್ಯಾಡ್ರಿ" ಅಂದಳು. ಅವಳು ಹೇಳಿದ್ದು ಸರಿ. ಚಳಿಗೆ ರಕ್ತನಾಳ ಬಿಗಿಯುತ್ತವೆ, ಬಿಪಿ ಏರುತ್ತದೆ. ಅದರ ಮೇಲೆ ತೋಳಿನಿಂದ ಭಾರ ಎತ್ತಿದರೆ ಎದೆಗೆ ಹೊಡೆತ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನವರು ಪ್ರತಿ ಚಳಿಗಾಲ ಈ ಎಚ್ಚರಿಕೆ ಕೊಡುತ್ತಾರೆ. 1990ರಿಂದ 2006ರವರೆಗಿನ ಲೆಕ್ಕ ತೆಗೆದಾಗ, ಸ್ನೋ ತೆಗೆಯಲು ಹೋಗಿ ಪೆಟ್ಟು ಮಾಡಿಕೊಂಡು ಅಥವಾ ಎದೆ ಹಿಡಿದುಕೊಂಡು ತುರ್ತು ಚಿಕಿತ್ಸೆಗೆ ಬಂದವರು ಆ ದೇಶದಲ್ಲಿ ವರ್ಷಕ್ಕೆ ಸರಾಸರಿ 11,500 ಜನ. ಜಾಸ್ತಿ ಪೆಟ್ಟು ಸೊಂಟಕ್ಕೆ. ಹೃದಯದ ಕಾಯಿಲೆ ಇದ್ದವರು ಸಲಿಕೆ ಮುಟ್ಟಲೇ ಬೇಡಿ. ಅಲ್ಲಿ ದುಡ್ಡು ಕೊಟ್ಟರೆ ತೆಗೆದುಕೊಡುವ ಹುಡುಗರು ಸಿಗುತ್ತಾರೆ.

ಆರೋಗ್ಯವಾಗಿದ್ದವರೂ ಅಲಗು ತುಂಬ ತುಂಬಿಕೊಳ್ಳಬಾರದು. ಅರ್ಧ ಸಾಕು. ಸೊಂಟ ತಿರುವಿ ಹೆಗಲ ಮೇಲಿಂದ ಎಸೆಯೋದು ಕೆಟ್ಟ ಅಭ್ಯಾಸ, ಕಾಲನ್ನೇ ತಿರುಗಿಸಿ ಗುಡ್ಡೆಗೆ ಎದುರಾಗಿ ನಿಲ್ಲಬೇಕು. ಒಂದು ಕೈ ಅಲಗಿನ ಹತ್ತಿರ ಇರಲಿ. ಸ್ನೋ ಪೂರ್ತಿ ನಿಲ್ಲಲಿ ಆಮೇಲೆ ನೋಡೋಣ ಅಂತ ಕೂರಬೇಡಿ. ಎರಡು ಮೂರು ಇಂಚು ಬಿದ್ದಾಗಲೇ ಒಂದು ಸಾರಿ ನೂಕಿ ಬಂದುಬಿಡಿ. ಕಾರು ಓಡಾಡಿ ತುಳಿಯುವ ಮೊದಲೇ ನೂಕಬೇಕು. ತುಳಿದ ಗುರುತು ಐಸ್ ಆಗಿ ನೆಲಕ್ಕೇ ಕಚ್ಚಿಕೊಳ್ಳುತ್ತದೆ. ಮನೆ ಮುಂದಿನ ಫುಟ್‌ಪಾತ್ ಕೂಡ ನಮ್ಮದೇ ಜವಾಬ್ದಾರಿ. ಮಿನಿಯಾಪೋಲಿಸ್‌ನಲ್ಲಿ ಸ್ನೋ ನಿಂತ 24 ಗಂಟೆಯೊಳಗೆ ತೆಗೆಯಬೇಕು. ಇಂಥ ಕಾನೂನು ನಮ್ಮ ರಿಂಗ್ ರಸ್ತೆಯ ಕಸಕ್ಕೆ ಬಂದರೆ ನನ್ನ ಸಲಿಕೆ ವ್ಯಾಪಾರ ಎಲ್ಲಿಗೋ ಹೋದೀತು!

ಉಪ್ಪನ್ನು ಎರಚಿದರೆ ಸಲಿಕೆಯೇ ಬೇಡ ಅಂತ ಕೆಲವರ ಲೆಕ್ಕ. ಸಾದಾ ಉಪ್ಪು ಮೈನಸ್ 9ಕ್ಕಿಂತ ಕೆಳಗೆ ಕೆಲಸ ಮಾಡೋದು ಅಷ್ಟಕ್ಕಷ್ಟೆ. ಕರಗಿದ ನೀರಿನ ಜೊತೆ ಹರಿದು ಕೆರೆಗೆ ಸೇರಿದ್ದನ್ನು ವಾಪಸ್ ತೆಗೆಯಲೂ ಆಗುವುದಿಲ್ಲ. ಒಂದು ಟೀ ಚಮಚ ಉಪ್ಪು 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್ ನೀರು ಕೆಡಿಸುತ್ತದೆ ಅಂತ ಮಿನ್ನೆಸೋಟ ರಾಜ್ಯದ ಮಾಲಿನ್ಯ ನಿಯಂತ್ರಣ ಇಲಾಖೆಯವರೇ ಹೇಳುತ್ತಾರೆ. ಸಲಿಕೆ ಮೊದಲು, ಉಪ್ಪು ಚಿಟಿಕೆ.

ಪಕ್ಕದ ಮನೆಯ ಅಜ್ಜ, ಪಟ್ಟಿ ಸಲಿಕೆ ಕೊಟ್ಟವರು, 1991ರ ಅಕ್ಟೋಬರ್ 31ರಂದು ಶುರುವಾದ ಬಿರುಗಾಳಿಯ ಕಥೆ ಹೇಳಲು ಕಾಯುತ್ತಲೇ ಇರುತ್ತಾರೆ. ನವೆಂಬರ್ 3ರ ಹೊತ್ತಿಗೆ 28.4 ಇಂಚು ಬಿದ್ದಿತ್ತಂತೆ. ಅಷ್ಟನ್ನೂ ಅವರು ತೆಗೆದದ್ದು ಕಾಳು ತುಂಬುವ ಅಲ್ಯೂಮಿನಿಯಂ ಸಲಿಕೆಯಲ್ಲಿ. ಆ ಸಲಿಕೆ ಇನ್ನೂ ಗೋಡೆಗೆ ನೇತಾಡುತ್ತಿದೆ. ಅಲ್ಲಿನ ರೈತರು ಜೋಳ, ಸೋಯಾ ತುಂಬೋದಕ್ಕೆ ಬಳಸುವ ಮಾಲು ಅದು. ಹಗುರ, ಆಳ ಜಾಸ್ತಿ.

ಅದನ್ನು ನೋಡಿದ ಮೇಲೆ ನಾನೂ ತಿರುಗಿ ಬರುವಾಗ ಒಂದನ್ನು ಸೂಟ್‌ಕೇಸಿನಲ್ಲಿ ತಂದೆ. ಕಾರಿನಲ್ಲಿ ಇಟ್ಟುಕೊಳ್ಳುವ, ಮೂರು ತುಂಡಾಗಿ ಬಿಚ್ಚುವ ಪ್ಲಾಸ್ಟಿಕ್ ಸ್ನೋ ಸಲಿಕೆ. ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿಸಿ ನೋಡಿದ ಸಾಹೇಬರು ಏನೂ ಕೇಳಲಿಲ್ಲ, ಒಂದು ಸಲ ನನ್ನ ಮುಖ ನೋಡಿದರು. ಡ್ರೈವ್‌ವೇಗೆ ಅದು ನಾಲಾಯಕ್, ಹೇಳಿಬಿಡುತ್ತೇನೆ. ಕಾವು ಗಿಡ್ಡ, ಜೋಡಣೆ ಅಲುಗುತ್ತದೆ, ಮಕ್ಕಳು ಅದನ್ನೇ ಕೊಂಡು ಕೆಲಸ ಮುಗಿಸೋಣ ಅಂದರೆ ಬಿಡಬೇಡಿ. ನಮ್ಮಲ್ಲಿ ಮಾತ್ರ ಕೆಲಸಕ್ಕೆ ಬಂತು. ಪರಿಚಯದ ದಾಲ್ ಮಿಲ್‌ನವರು ಫರ್ಸಿ ನೆಲದ ಮೇಲೆ ತೊಗರಿ ಬಳಿಯಲು ಒಯ್ದರು. ಕಬ್ಬಿಣದ ಸಲಿಕೆಯಂತೆ ಕಲ್ಲಿಗೆ ಕಿರ್ ಅನ್ನುವುದಿಲ್ಲ, ಕಾಳೂ ಅಷ್ಟು ಒಡೆಯುವುದಿಲ್ಲ ಅನ್ನುತ್ತಾರೆ. ಇನ್ನೂ ವಾಪಸ್ ಕೊಟ್ಟಿಲ್ಲ.

ಬೆಲೆ ಕೇಳುವವರಿಗೆ: ಎರಡೂ ಸಲಿಕೆ ತಲಾ 30 ಡಾಲರ್ ಆಸುಪಾಸಿಗೆ ಬಂದವು. ಮೊದಲ ಸ್ನೋ ಬಿದ್ದ ದಿನ ಹೋದರೆ ಒಳ್ಳೆಯ ಮಾಲು ಖಾಲಿಯಾಗಿರುತ್ತದೆ, ಅಕ್ಟೋಬರ್‌ನಲ್ಲೇ ತಂದಿಡಲು ಹೇಳಿ. ಅವಸರ ಇಲ್ಲದವರು ಮಾರ್ಚ್ ಕೊನೆಗೆ ನೋಡಲಿ. ಆಗ ಅಂಗಡಿಯವರು ತೋಟದ ಸಾಮಾನಿಗೆ ಜಾಗ ಮಾಡಲು ಉಳಿದದ್ದನ್ನು ಕಡಿಮೆ ಬೆಲೆಗೆ ಬಿಡುತ್ತಾರೆ. ತಂದ ಮೇಲೆ ಅಲಗು ನೆಲಕ್ಕೆ ಊರಿ ನಿಲ್ಲಿಸದೆ ಮೊಳೆಗೆ ನೇತುಹಾಕಲಿ, ಪ್ಲಾಸ್ಟಿಕ್ ಅಲಗು ಸೊಟ್ಟಗಾಗುವುದಿಲ್ಲ. ಮೊಳೆ ಬೇಕಿದ್ದರೆ ನಮ್ಮಲ್ಲಿದೆ.